ಹಿಂದೆ ಓಡಿ ಬರುತ್ತಿರುವವನ ಕೈಗೆ

ಮುಂಬೈಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದವರಿಗೆ ಒಂದು ಬಹಿರಂಗ ಪತ್ರ

ಮಾಲೇಗಾಂವ್, ನಾಸಿಕ್ ಜಿಲ್ಲೆ

ಪ್ರೀತಿಯ ಹಿರಿಯರೇ, ಅಣ್ಣಂದಿರೇ, ಗೆಳೆಯರೇ,

ಹಗಲಿಡೀ ಹೋಟೆಲು, ಕ್ಯಾಂಟೀನು, ಅಂಗಡಿಗಳಲ್ಲಿ ದುಡಿದು ಸಂಜೆ ರಾತ್ರಿ ಶಾಲೆಯ ಬೆಂಚಿನಲ್ಲಿ ಕೂತವರು ನಾವು. ಇಂದು ನಿಮ್ಮಲ್ಲಿ ಹಲವರು ಠಾಣೆ, ಪುಣೆ, ನಾಸಿಕ್, ಸಂಭಾಜಿನಗರ ಅಂತ ಮಹಾರಾಷ್ಟ್ರದ ಉದ್ದಗಲಕ್ಕೆ ಸ್ವಂತ ಹೋಟೆಲು ನಡೆಸುತ್ತಿದ್ದೀರಿ. ಕೆಲವರು ಬ್ಯಾಂಕು, ಅಂಚೆ, ರೈಲ್ವೆಗಳಲ್ಲಿ ದುಡಿದು ನಿವೃತ್ತರಾಗಿದ್ದೀರಿ. ಸಂಘ, ಟ್ರಸ್ಟುಗಳ ಪದಾಧಿಕಾರಿಗಳೂ ಆಗಿದ್ದೀರಿ. ನಿಮ್ಮೆಲ್ಲರ ಮುಂದೆ ಒಂದು ಬೇಡಿಕೆ ಇಡಲು ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಕೈಕೆಳಗೆ ದುಡಿಯುತ್ತಿರುವ, ಓದು ಅರ್ಧಕ್ಕೆ ನಿಂತ ಒಬ್ಬರನ್ನಾದರೂ ಈ ವರ್ಷ ಮತ್ತೆ ಓದಿಗೆ ಹಚ್ಚಿ. ಅವರಿಗೆ ವಾರದಲ್ಲಿ ಒಂದು ಹೊತ್ತು ಮೈದಾನಕ್ಕೂ ಬಿಡುವು ಕೊಡಿ.

ಓದಿನ ಜೊತೆ ಮೈದಾನ ಯಾಕೆ ಬಂತು ಎಂದು ಕೇಳುವವರಿಗೆ ನನ್ನ ಬದುಕಿನ ಒಂದಿಷ್ಟನ್ನು ಹೇಳಬೇಕಾಗುತ್ತದೆ.

ನಾನು ಕುಂದಾಪುರದ ಕಡೆಯವನು. ಊರಿನ ಶಾಲೆ ಬಿಟ್ಟು 1980ರ ಸುಮಾರಿಗೆ ಮುಂಬೈ ಬಸ್ಸು ಹತ್ತಿದ ಹುಡುಗರಲ್ಲಿ ಒಬ್ಬ. ಫೋರ್ಟ್‌ನ ಒಂದು ಹೋಟೆಲಿನಲ್ಲಿ ಮೊದಲು ಮೋರಿಯಲ್ಲಿ ಪಾತ್ರೆ ತೊಳೆದೆ, ಆಮೇಲೆ ಟೇಬಲ್ ಒರೆಸಿದೆ, ಆಮೇಲೆ ಸಪ್ಲೈಗೆ ಬಂದೆ. ಸಂಜೆಯಾದರೆ ಕೈ ತೊಳೆದು, ಇದ್ದೊಂದು ಒಳ್ಳೆಯ ಅಂಗಿ ಹಾಕಿಕೊಂಡು ರಾತ್ರಿ ಶಾಲೆಗೆ ಓಟ. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್‌ನಂಥ ನಮ್ಮವರ ಸಂಸ್ಥೆಗಳು ಕಟ್ಟಿ ನಡೆಸಿದ ಆ ರಾತ್ರಿ ಶಾಲೆಗಳು ಇಲ್ಲದಿದ್ದರೆ ಕರಾವಳಿಯ ಎಷ್ಟು ಮಕ್ಕಳು ಹೆಬ್ಬೆಟ್ಟಿನಲ್ಲೇ ಉಳಿಯುತ್ತಿದ್ದರೋ! ಮೇಷ್ಟ್ರುಗಳು ಹಗಲು ಬೇರೆ ಕಡೆ ಕೆಲಸ ಮಾಡಿ ದಣಿದು ಬಂದವರು. ನಿದ್ದೆಗೆ ಬಿದ್ದ ಹುಡುಗನನ್ನು ಅವರು ಬೈದು ಎಬ್ಬಿಸುತ್ತಿರಲಿಲ್ಲ. ಎದ್ದು ನಿಂತು ಪಾಠ ಓದು ಅನ್ನುತ್ತಿದ್ದರು, ನಿದ್ದೆ ತಾನಾಗಿ ಹೋಗುತ್ತಿತ್ತು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸುವುದನ್ನು 2006ರ ಅಕ್ಟೋಬರ್‌ನಲ್ಲಿ ಸರ್ಕಾರ ನಿಷೇಧಿಸಿತು. ಅದು ಆಗಲೇಬೇಕಿತ್ತು. ನಮ್ಮ ಹಾಗೆ ಎಳೆ ವಯಸ್ಸಿನಲ್ಲಿ ಯಾವ ಮಗುವೂ ಮೋರಿಯ ಮುಂದೆ ಕೂರುವುದು ಬೇಡ.

ಆ ದಿನಗಳಲ್ಲೇ ನನಗೆ ರಗ್ಬಿ ಸಿಕ್ಕಿತು. ಮಹಾತ್ಮ ಗಾಂಧಿ ರಸ್ತೆಯಲ್ಲಿ, ಆಜಾದ್ ಮೈದಾನಕ್ಕೆ ತಾಗಿದಂತೆ ಬಾಂಬೆ ಜಿಮ್ಖಾನಾ ಇದೆಯಲ್ಲ, 1875ರಲ್ಲಿ ಶುರುವಾದದ್ದು. 1933ರಲ್ಲಿ ಭಾರತದ ನೆಲದ ಮೊದಲ ಕ್ರಿಕೆಟ್ ಟೆಸ್ಟ್ ನಡೆದ ಜಾಗ. ಕ್ರಿಕೆಟ್ಟು ನಿಲ್ಲುವ ಮಳೆಗಾಲದಲ್ಲಿ ಅಲ್ಲಿ ರಗ್ಬಿ ಆಡುತ್ತಾರೆ. ಬೇಲಿಯ ಈಚೆಗೆ, ಫುಟ್‌ಪಾತ್‌ನಲ್ಲಿ ನಿಂತರೆ ಕಾಣುತ್ತಿತ್ತು. ಜೂನ್, ಜುಲೈಯ ಜಡಿಮಳೆಯಲ್ಲಿ ಎಂಟು ಜನ ಒಂದು ಕಡೆ, ಎಂಟು ಜನ ಇನ್ನೊಂದು ಕಡೆ, ಭುಜಕ್ಕೆ ಭುಜ ಕೊಟ್ಟು, ತಲೆ ತಗ್ಗಿಸಿ, ಒಬ್ಬರನ್ನೊಬ್ಬರು ದೂಡುತ್ತಿದ್ದರು. ಮೈಯಿಂದ ಹಬೆ ಏಳುತ್ತಿತ್ತು. ಮೊಟ್ಟೆಯಾಕಾರದ ಚೆಂಡು ನೆಲಕ್ಕೆ ಬಿದ್ದರೆ ಯಾವ ಕಡೆ ಪುಟಿಯುತ್ತದೋ ಯಾರಿಗೂ ಗೊತ್ತಿಲ್ಲ. ಕಬಡ್ಡಿ ಆಡಿ ಬೆಳೆದ ನನಗೆ ಆ ಹಿಡಿತ, ಆ ಬೀಳುವುದು, ಬಿದ್ದು ಮತ್ತೆ ಏಳುವುದು ಎಲ್ಲವೂ ನಮ್ಮೂರ ಗದ್ದೆಯದೇ ಅನ್ನಿಸಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡು ಸಂಗತಿ. ಒಂದು, ಆ ಆಟದಲ್ಲಿ ಎಲ್ಲ ಮೈಕಟ್ಟಿನವರಿಗೂ ಕೆಲಸವಿದೆ. ದಪ್ಪಗಿರುವವನು 1 ಅಥವಾ 3ನೇ ನಂಬರಿನ ಅಂಗಿ ತೊಟ್ಟು, ಸ್ಕ್ರಮ್ ಎನ್ನುವ ಆ ದೂಡಾಟದ ಭಾರ ಹೊರುತ್ತಾನೆ. ಉದ್ದನೆಯವರು 4 ಮತ್ತು 5. ಚಿಗರೆಯಂತೆ ಓಡುವವರು ಅಂಚಿನಲ್ಲಿ, 11 ಮತ್ತು 14. ಎಲ್ಲರಿಗಿಂತ ಗಿಡ್ಡನೆಯ, ಚುರುಕಿನವನಿಗೆ ಸಾಮಾನ್ಯವಾಗಿ 9ನೇ ನಂಬರು: ಮುಂದಿನ ಎಂಟು ಜನ ದುಡಿದು ತಂದ ಚೆಂಡನ್ನು ಎತ್ತಿ ಹಿಂದಿನವರಿಗೆ ದಾಟಿಸುವ ಕೆಲಸ. ಹೋಟೆಲಿನ ಹುಡುಗನಾಗಿ ನಾನು ಆ 9ನೇ ನಂಬರಿನವನನ್ನೇ ನೋಡುತ್ತಿದ್ದೆ.

ಎರಡನೆಯದು ಆಟದ ಮೂಲ ನಿಯಮ. ರಗ್ಬಿಯಲ್ಲಿ ಚೆಂಡನ್ನು ಕಾಲಿನಿಂದ ಮುಂದಕ್ಕೆ ಒದೆಯಬಹುದು, ಕೈಯಲ್ಲಿ ಹಿಡಿದು ಮುಂದಕ್ಕೆ ಓಡಬಹುದು. ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಎದುರಾಳಿ ಹಿಡಿದು ಕೆಡವುವ ಹೊತ್ತಿಗೆ ಚೆಂಡನ್ನು ಕೊಡಬೇಕಾದ್ದು ಪಕ್ಕದಲ್ಲಿ ಅಥವಾ ಹಿಂದೆ ಓಡಿ ಬರುತ್ತಿರುವ ನಮ್ಮವನಿಗೆ. ನಮಗಿಂತ ಮುಂದೆ ಹೋಗಿ ನಿಂತವನಿಗೆ ಅದು ಸಲ್ಲುವುದಿಲ್ಲ. ಇಡೀ ತಂಡ ಮುಂದೆ ಸಾಗುವುದು ಹಿಂದಿದ್ದವನ ಕೈಗೆ ಚೆಂಡು ಕೊಡುತ್ತಾ ಕೊಡುತ್ತಾ. ಬೇಲಿಯಾಚೆ ಇದನ್ನು ನೋಡಿ ನಾನು ರಾತ್ರಿ ಶಾಲೆಗೆ ಹೋಗುತ್ತಿದ್ದೆ. ಅಲ್ಲೂ ಅದೇ ನಡೆಯುತ್ತಿತ್ತು. ನಮಗಿಂತ ಮೊದಲು ಮುಂಬೈಗೆ ಬಂದು ನಾಲ್ಕು ಕಾಸು ಕಂಡವರು ಹಿಂದೆ ಬಂದವರಿಗಾಗಿ ಹಣ ಕೂಡಿಸಿ, ಕೋಣೆ ಹಿಡಿದು, ದೀಪ ಹಚ್ಚಿ ಶಾಲೆ ನಡೆಸುತ್ತಿದ್ದರು.

ಹಿಂದೆ ಬರುವವರನ್ನು ನೆನೆದ ಇನ್ನೊಂದು ಕತೆ ಆ ಆಟದ ಚರಿತ್ರೆಯಲ್ಲೇ ಇದೆ. 1872ರ ಕ್ರಿಸ್‌ಮಸ್ ದಿನ ಕಲ್ಕತ್ತಾದಲ್ಲಿ ಇಂಗ್ಲಿಷರೂ ಸ್ಕಾಟರೂ ರಗ್ಬಿ ಆಡಿದರು. ಮರುವರ್ಷ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಆಡುವವರು ಕಡಿಮೆಯಾಗಿ 1878ರಲ್ಲಿ ಕ್ಲಬ್ಬು ಮುಚ್ಚಬೇಕಾಯಿತು. ಬ್ಯಾಂಕಿನಲ್ಲಿ ಉಳಿದಿದ್ದ ಹಣವನ್ನು ಸದಸ್ಯರು ಹಂಚಿಕೊಳ್ಳಲಿಲ್ಲ. 270 ಬೆಳ್ಳಿ ರೂಪಾಯಿಗಳನ್ನು ಕರಗಿಸಿ, ಮೂರು ನಾಗರಹಾವುಗಳೇ ಹಿಡಿಕೆಯಾದ, ಮುಚ್ಚಳದ ಮೇಲೆ ಆನೆ ನಿಂತ ಒಂದು ಬಟ್ಟಲು ಮಾಡಿಸಿ ಇಂಗ್ಲೆಂಡಿನ ರಗ್ಬಿ ಸಂಸ್ಥೆಗೆ ಕಳಿಸಿದರು. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್‌ಲೆಂಡ್ ತಂಡಗಳು ಆ ಕಲ್ಕತ್ತಾ ಕಪ್ಪಿಗಾಗಿ ಆಡುತ್ತಾ ಬಂದಿವೆ. ಕ್ಲಬ್ಬು ಇದ್ದದ್ದು ಐದಾರು ವರ್ಷ, ಅದರ ಕಪ್ಪು ಬಾಳುತ್ತಿರುವುದು ಸುಮಾರು ಒಂದೂವರೆ ಶತಮಾನ.

ಇದನ್ನು ನಾನು ಮುಖ್ಯವಾಗಿ ಟ್ರಸ್ಟು, ಸಂಘಗಳ ಪದಾಧಿಕಾರಿಗಳಿಗಾಗಿ ಹೇಳುತ್ತಿದ್ದೇನೆ. ನಮ್ಮ ರಾತ್ರಿ ಶಾಲೆಗಳು ಒಂದೊಂದಾಗಿ ಖಾಲಿಯಾಗಿವೆ. ಕರಾವಳಿಯ ಹಳ್ಳಿಗಳಲ್ಲೇ ಹೈಸ್ಕೂಲು, ಕಾಲೇಜು ಬಂದವು. ನಮ್ಮ ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋದರು. ಹೋಟೆಲು ಕೆಲಸಕ್ಕೆ ಊರಿನ ಹುಡುಗರು ಬರುವುದು ಕಡಿಮೆಯಾಯಿತು. ಇದರಲ್ಲಿ ದುಃಖಪಡುವಂಥದ್ದು ಹೆಚ್ಚಿಲ್ಲ, ಬಹುಪಾಲು ಒಳ್ಳೆಯದೇ. ಆದರೆ ಆ ಶಾಲೆಗಳ ಹೆಸರಿನಲ್ಲಿ ಕೂಡಿದ ಹಣ, ಕೋಣೆ, ಕಪಾಟು, ಪುಸ್ತಕ ಏನಾಗಬೇಕು? ಬೀಗ ಹಾಕಿ ಇಡುವುದಕ್ಕಾಗಿ ನಮ್ಮ ಹಿರಿಯರು ಅವನ್ನು ಕೂಡಿಸಲಿಲ್ಲ. ಓದು ಬಿಟ್ಟ ದುಡಿಮೆಗಾರರು ಇಂದಿಗೂ ಇದ್ದಾರೆ. ಅವರ ಊರು ಬೇರೆ, ಭಾಷೆ ಬೇರೆ, ಅಷ್ಟೆ.

ಅವರನ್ನು ನಾನು ದಿನವೂ ನೋಡುತ್ತೇನೆ. ಮದುವೆಯಾದ ಮೇಲೆ ಮುಂಬೈ ಬಿಟ್ಟು ಮಾಲೇಗಾಂವ್‌ಗೆ ಬಂದು ಸಣ್ಣ ಹೋಟೆಲು ಹಾಕಿದೆ. ಮುಂಬೈ–ಆಗ್ರಾ ಹೆದ್ದಾರಿಯ ಮೇಲಿನ ಈ ಊರನ್ನು ಮೋಸಂ ನದಿ ನಡುವೆ ಸೀಳಿ ಹೋಗುತ್ತದೆ. ಊರಿನ ಉಸಿರು ವಿದ್ಯುತ್ ಮಗ್ಗ. 1857ರ ದಂಗೆಯ ನಂತರದ ದಶಕಗಳಲ್ಲಿ ಉತ್ತರ ಪ್ರದೇಶದಿಂದ ಬಂದು ನೆಲೆಸಿದ ಮೋಮಿನ್ ನೇಕಾರರ ಮೊಮ್ಮಕ್ಕಳ ಮಕ್ಕಳು ಇಲ್ಲಿ ಬಟ್ಟೆ ನೇಯುತ್ತಾರೆ. ಹನ್ನೆರಡು ಗಂಟೆಯ ಪಾಳಿ, ಹಗಲೂ ರಾತ್ರಿಯೂ ಮಗ್ಗದ ಸದ್ದು. ವಾರದಲ್ಲಿ ಆ ಸದ್ದು ನಿಲ್ಲುವುದು ಶುಕ್ರವಾರ. ನನ್ನ ಹೋಟೆಲಿನಲ್ಲಿ ದುಡಿಯುವವರು ಬಿಹಾರ, ಒಡಿಶಾ, ಕಲಬುರಗಿ ಕಡೆಯವರು. ಎಂಟನೆಯದಕ್ಕೋ ಒಂಬತ್ತನೆಯದಕ್ಕೋ ಶಾಲೆ ಬಿಟ್ಟವರು. ನಾವು ಬಂದಾಗ ನಮಗಾಗಿ ರಾತ್ರಿ ಶಾಲೆ ಇತ್ತು. ಇವರಿಗಾಗಿ ಏನಿದೆ?

ಇದೆ ಎಂದು ತಿಳಿಸಲೆಂದೇ ಬರೆಯುತ್ತಿದ್ದೇನೆ, ಯಾಕೆಂದರೆ ನಾನು ಈಗ ವಿದ್ಯಾರ್ಥಿ. ರಾತ್ರಿ ಶಾಲೆಯಲ್ಲಿ ಹತ್ತನೆಯದು ಮುಗಿಸಿ ನಿಲ್ಲಿಸಿದ್ದ ಓದನ್ನು ಐವತ್ತು ದಾಟಿದ ಮೇಲೆ ಮತ್ತೆ ಹಿಡಿದೆ. ಹನ್ನೆರಡನೆಯದಕ್ಕೆ ಮಹಾರಾಷ್ಟ್ರ ಬೋರ್ಡಿನ 17 ನಂಬರ್ ಫಾರ್ಮ್ ತುಂಬಿ ಹೊರಗಿನಿಂದ ಪರೀಕ್ಷೆಗೆ ಕೂತೆ. ಈಗ ಯಶವಂತರಾವ್ ಚವ್ಹಾಣ್ ಮಹಾರಾಷ್ಟ್ರ ಮುಕ್ತ ವಿದ್ಯಾಪೀಠದಲ್ಲಿ ಬಿ.ಎ. ಓದುತ್ತಿದ್ದೇನೆ. 1989ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯ ನಮ್ಮ ನಾಸಿಕ್‌ನಲ್ಲೇ, ಗಂಗಾಪುರ ಅಣೆಕಟ್ಟಿನ ಹತ್ತಿರ ಇದೆ. ರಾಮ ತಾಕವಲೆಯವರು ಅದರ ಮೊದಲ ಕುಲಪತಿ. ಜ್ಞಾನಗಂಗೆ ಮನೆಮನೆಗೆ ಎಂಬುದು ಅದರ ಧ್ಯೇಯವಾಕ್ಯ. ಊರೂರಿನ ಕಾಲೇಜುಗಳಲ್ಲಿ ಅದರ ಅಧ್ಯಯನ ಕೇಂದ್ರಗಳಿವೆ, ದುಡಿಯುವವರ ಅನುಕೂಲಕ್ಕೆ ರಜೆಯ ದಿನ ತರಗತಿ ನಡೆಸುತ್ತವೆ. ಬೆಳಗಿನ ಇಡ್ಲಿ ಗಿರಾಕಿ ಮುಗಿದ ಮೇಲೆ ಗಲ್ಲಾದ ಹಿಂದೆ ಕೂತು ನಾನು ಮರಾಠಿಯಲ್ಲಿ ಇತಿಹಾಸ ಓದುತ್ತೇನೆ.

ಓದು ನನಗೆ ಏನು ಕೊಟ್ಟಿತು ಎಂದು ಕೇಳಿದರೆ, ನಾನು ಬದುಕುತ್ತಿರುವ ನೆಲವನ್ನೇ ಕೊಟ್ಟಿತು ಎನ್ನುತ್ತೇನೆ. ಪೈಠಣಿ ಸೀರೆಯ ಯೇವಲೆ ಇಲ್ಲಿಂದ ದೂರವಿಲ್ಲ. ಹೆಂಡತಿ, ಸೊಸೆಗೆ ಸೀರೆ ತರುವ ಊರು ಎಂದಷ್ಟೇ ನನಗೆ ಅದು ಗೊತ್ತಿತ್ತು. ಹಿಂದೂವಾಗಿ ಹುಟ್ಟಿದ್ದರೂ ಹಿಂದೂವಾಗಿ ಸಾಯುವುದಿಲ್ಲ ಎಂದು ಬಾಬಾಸಾಹೇಬ ಅಂಬೇಡ್ಕರರು 1935ರ ಅಕ್ಟೋಬರ್ 13ರಂದು ಸಾರಿದ್ದು ಅದೇ ಯೇವಲೆಯಲ್ಲಿ. ಅದಕ್ಕೂ ಐದು ವರ್ಷ ಮೊದಲು ನಾಸಿಕ್‌ನ ಕಾಳಾರಾಮ ಮಂದಿರದ ಬಾಗಿಲಲ್ಲಿ ಅವರ ಸತ್ಯಾಗ್ರಹ ಶುರುವಾಗಿತ್ತು. ಇದನ್ನು ಓದಿದ ಮೇಲೆ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ಕಾಣುವ ನೆಲವೇ ಬೇರೆ.

ಅಂಬೇಡ್ಕರರ ಬದುಕಿನ ಇನ್ನೊಂದು ಭಾಗ ನಮ್ಮಂಥವರಿಗೆ ಬಹಳ ಹತ್ತಿರದ್ದು. ಬರೋಡದ ವಿದ್ಯಾರ್ಥಿವೇತನದ ಅವಧಿ ಮುಗಿದು 1917ರಲ್ಲಿ ಅವರು ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಮುಂಬೈಯ ಸಿಡನ್‌ಹ್ಯಾಂ ಕಾಲೇಜಿನಲ್ಲಿ ಪಾಠ ಹೇಳಿ ಹಣ ಉಳಿಸಿದರು. ಕೊಲ್ಹಾಪುರದ ಶಾಹೂ ಮಹಾರಾಜರು ನೆರವಾದರು, ಗೆಳೆಯ ನವಲ್ ಭಥೇನಾ ಸಾಲ ಕೊಟ್ಟರು. 1920ರಲ್ಲಿ, ಹೆಂಡತಿ ಮಕ್ಕಳಿದ್ದ 29ರ ಪ್ರಾಯದಲ್ಲಿ, ಮತ್ತೆ ವಿದ್ಯಾರ್ಥಿಯಾಗಿ ಲಂಡನ್ನಿಗೆ ಹೋಗಿ 1923ರ ಹೊತ್ತಿಗೆ ಬಿಟ್ಟದ್ದೆಲ್ಲವನ್ನೂ ಮುಗಿಸಿ ಬಂದರು. ಬಂದವರು ಹಿಂದಿನವರನ್ನು ಮರೆಯಲಿಲ್ಲ. 1946ರಲ್ಲಿ ಅವರ ಪೀಪಲ್ಸ್ ಎಜುಕೇಶನ್ ಸೊಸೈಟಿ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ ನೌಕರಿ ಮಾಡುವವರು ಓದಲೆಂದು ಬೆಳ್ಳಂಬೆಳಿಗ್ಗೆ ತರಗತಿ ಇಟ್ಟರು. 1950ರಲ್ಲಿ ಅದೇ ಸಂಸ್ಥೆ ಇಂದಿನ ಛತ್ರಪತಿ ಸಂಭಾಜಿನಗರದಲ್ಲಿ ಕಾಲೇಜು ತೆರೆದು ಮರಾಠವಾಡದ ಬಡ ಮಕ್ಕಳಿಗೆ ದಾರಿ ಮಾಡಿತು. ಇದೇ ನೆಲದಲ್ಲಿ 1855ರಷ್ಟು ಹಿಂದೆ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿ ಕೂಲಿಕಾರರಿಗೆ, ರೈತರಿಗೆ ಪುಣೆಯಲ್ಲಿ ರಾತ್ರಿ ಶಾಲೆ ನಡೆಸಿದ್ದರು. 2016ರಲ್ಲಿ ಠಾಣೆ ಜಿಲ್ಲೆಯ ಫಾಂಗಣೆ ಎಂಬ ಹಳ್ಳಿಯಲ್ಲಿ ಅಜ್ಜಿಯರಿಗೆಂದೇ ಒಂದು ಶಾಲೆ ಶುರುವಾಯಿತು. ಗುಲಾಬಿ ಬಣ್ಣದ ಸೀರೆಯ ಸಮವಸ್ತ್ರ ಉಟ್ಟು, ಪಾಟೀಚೀಲ ಹಿಡಿದು ಅಲ್ಲಿಗೆ ಹೋದ ಅಜ್ಜಿಯರು ನನಗಿಂತ ಹಿರಿಯರು. ಓದುವ ವಯಸ್ಸು ಮೀರಿತು ಎಂದು ನಿಮ್ಮಲ್ಲಿ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಇನ್ನು ಮೈದಾನದ ಮಾತು. ದೊಡ್ಡವನಾದ ಮೇಲೆ ಓದುವವನಿಗೆ ಪಾಠಕ್ಕಿಂತ ಕಷ್ಟವಾದದ್ದು ಒಂಟಿತನ. ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಪುಸ್ತಕ ತೆರೆಯಬೇಕು. ಅರ್ಥವಾಗದ್ದನ್ನು ಕೇಳಲು ಪಕ್ಕದಲ್ಲಿ ಯಾರೂ ಇಲ್ಲ. ಒಂದು ವಾರ ತಪ್ಪಿದರೆ ಯಾಕೆ ಬರಲಿಲ್ಲ ಎಂದು ಕೇಳುವವರಿಲ್ಲ. ಹಾಗೆ ತಪ್ಪುತ್ತಾ ತಪ್ಪುತ್ತಾ ಓದು ಬಿಟ್ಟುಹೋಗುತ್ತದೆ. ಒಂದು ತಂಡದಲ್ಲಿ ಇದ್ದರೆ ಕೇಳುವವರಿರುತ್ತಾರೆ. ಅದಕ್ಕಾಗಿ ಶುಕ್ರವಾರ ಸಂಜೆ ನಾವು ಟ್ಯಾಗ್ ರಗ್ಬಿ ಆಡುತ್ತೇವೆ. ಇದರಲ್ಲಿ ಕೆಡವುವುದಿಲ್ಲ, ಡಿಕ್ಕಿ ಹೊಡೆಯುವುದಿಲ್ಲ. ಸೊಂಟದ ಎರಡು ಬದಿಗೆ ಪಟ್ಟಿ ಸಿಕ್ಕಿಸಿಕೊಂಡಿರುತ್ತೇವೆ. ಎದುರಾಳಿ ಪಟ್ಟಿ ಕಿತ್ತರೆ ಚೆಂಡು ದಾಟಿಸಬೇಕು. ಮೈಗೆ ಮೈ ತಾಗುವ ಪೂರ್ಣ ರಗ್ಬಿಗೆ ತರಬೇತಾದ ಕೋಚ್ ಬೇಕು, ತಲೆಗೆ ಪೆಟ್ಟಾಗದಂತೆ ನೋಡಿಕೊಳ್ಳುವ ಎಚ್ಚರ ಬೇಕು. ಟ್ಯಾಗ್ ರಗ್ಬಿಯನ್ನು ಹದಿನೆಂಟರವನೂ ಅರವತ್ತರವನೂ ಒಟ್ಟಿಗೆ ಆಡಬಹುದು. ಪಟ್ಟಿಗಳನ್ನು ನಾವು ಮಗ್ಗದ ಕಾರ್ಖಾನೆಯಲ್ಲಿ ಉಳಿದ ಬಟ್ಟೆಯ ಚೂರಿನಿಂದ ಮಾಡಿಕೊಂಡಿದ್ದೇವೆ. ಮೋಸಂ ನದಿಯ ಈ ದಡದವರೂ ಆ ದಡದವರೂ, ಮಗ್ಗದವರೂ ಹೋಟೆಲಿನವರೂ ಸೇರುತ್ತೇವೆ. ಆಟ ಮುಗಿದ ಮೇಲೆ ಅಲ್ಲೇ ಕೂತು ಫಾರ್ಮು, ಫೀಸು, ಪರೀಕ್ಷೆಯ ಮಾತಾಡುತ್ತೇವೆ. ಗಣಿತ ಬಲ್ಲವನು ಗಣಿತ ಹೇಳಿಕೊಡುತ್ತಾನೆ.

ಇದು ನನ್ನ ಹೊಸ ಕಲ್ಪನೆ ಅಲ್ಲ. ಮ್ಯಾಥ್ಯೂ ಸ್ಪೇಸಿ ಎಂಬವರು ಬಾಂಬೆ ಜಿಮ್ಖಾನಾದಲ್ಲಿ ರಗ್ಬಿ ಅಭ್ಯಾಸ ಮಾಡುವಾಗ ಹೊರಗಿನ ಫುಟ್‌ಪಾತ್‌ನಿಂದ ನೋಡುತ್ತಿದ್ದ ಮಕ್ಕಳನ್ನು ಒಳಗೆ ಕರೆದು ಆಡಿಸಿದರು. 1999ರಲ್ಲಿ ಅದು ಮ್ಯಾಜಿಕ್ ಬಸ್ ಎಂಬ ಸಂಸ್ಥೆಯಾಗಿ ಬೆಳೆದು, ಆಟದ ಮೂಲಕ ಬಡ ಮಕ್ಕಳನ್ನು ಶಾಲೆಯಲ್ಲಿ ಉಳಿಸುವ ಕೆಲಸ ಮಾಡುತ್ತಾ ಬಂದಿದೆ. ನಾನು ನಿಂತಿದ್ದ ಅದೇ ಬೇಲಿ ಅದು. ನನ್ನ ನಂತರ ಬಂದ ಮಕ್ಕಳಿಗೆ ಅದರ ಬಾಗಿಲು ತೆರೆಯಿತು ಎಂದು ತಿಳಿದಾಗ ನನಗಾದ ಸಂತೋಷ ದೊಡ್ಡದು. ಭುವನೇಶ್ವರದ ಕೀಸ್ ಎಂಬ ಆದಿವಾಸಿ ಮಕ್ಕಳ ವಸತಿ ಶಾಲೆಯ ಹುಡುಗರು 2007ರಲ್ಲಿ ಲಂಡನ್ನಿಗೆ ಹೋಗಿ 14 ವರ್ಷದೊಳಗಿನವರ ರಗ್ಬಿ ಗೆದ್ದು ಬಂದರು. ಅದೇ ಶಾಲೆಯಲ್ಲಿ ಓದಿದ ಸುಮಿತ್ರಾ ನಾಯಕ್ 2019ರ ಜೂನ್‌ನಲ್ಲಿ ಮನಿಲಾದಲ್ಲಿ ಕೊನೆಯ ಗಳಿಗೆಯಲ್ಲಿ ಹೊಡೆದ ಪೆನಾಲ್ಟಿಯಿಂದ ನಮ್ಮ ಹೆಣ್ಣುಮಕ್ಕಳು ಸಿಂಗಪುರವನ್ನು 21–19ರಿಂದ ಸೋಲಿಸಿದರು. ಹದಿನೈದು ಜನರ ರಗ್ಬಿಯಲ್ಲಿ ಭಾರತದ ಮಹಿಳೆಯರ ಮೊದಲ ಅಂತರರಾಷ್ಟ್ರೀಯ ಗೆಲುವು ಅದು. ಭಾರತ ತಂಡವನ್ನು ಮುನ್ನಡೆಸಿದ ಪುಣೆಯ ವಾಹಬಿಜ್ ಭರೂಚಾ ಓದಿ ಫಿಸಿಯೋಥೆರಪಿಸ್ಟ್ ಆದವರು. ಓದು, ಆಟ ಒಂದನ್ನೊಂದು ತಿನ್ನುತ್ತವೆ ಎನ್ನುವವರು ಇವರನ್ನು ನೋಡಬೇಕು.

ವಯಸ್ಸಿನ ಮಾತು ಬಂದರೆ ಟೋಕಿಯೋ ನೋಡಬೇಕು. ಅಲ್ಲಿ 1948ರಿಂದ ಫುವಾಕು ಎಂಬ ಕ್ಲಬ್ಬು ಇದೆ, ನಲವತ್ತು ದಾಟಿದವರಿಗೆ ಮಾತ್ರ. ಅರವತ್ತು ದಾಟಿದವರಿಗೆ ಕೆಂಪು ಚಡ್ಡಿ, ಎಪ್ಪತ್ತು ದಾಟಿದವರಿಗೆ ಹಳದಿ, ಎಂಬತ್ತು ದಾಟಿದವರಿಗೆ ನೇರಳೆ. ಬಣ್ಣ ನೋಡಿ ಎದುರಾಳಿಗಳು ಎಷ್ಟು ಗಟ್ಟಿಯಾಗಿ ಹಿಡಿಯಬೇಕೆಂದು ತಿಳಿದುಕೊಳ್ಳುತ್ತಾರೆ. 2025ರ ಜೂನ್‌ನಲ್ಲಿ ಮುಂಬೈಯ ಅಂಧೇರಿಯಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆದಾಗ ಆರು ತಂಡಗಳಲ್ಲಿ ಬೆಂಗಳೂರಿನದೂ ಒಂದಿತ್ತು. ಚೆನ್ನೈ ಗೆದ್ದಿತು. ಹೋಟೆಲಿನ ಟಿ.ವಿ. ಮುಂದೆ ನನ್ನ ಹುಡುಗರು ಬೆಂಗಳೂರಿಗೆ ಚಪ್ಪಾಳೆ ತಟ್ಟುತ್ತಿದ್ದರೆ, ಬೇಲಿಯಾಚೆಯಿಂದ ನೋಡಿದ ಆಟ ನಮ್ಮ ಮನೆಯೊಳಗೆ ಬಂತಲ್ಲ ಎಂದು ನನ್ನ ಕಣ್ಣು ತುಂಬಿತು.

ಈಗ ನೇರವಾಗಿ ಕೇಳುತ್ತೇನೆ.

ಹೋಟೆಲು ಧಣಿಗಳೇ, ನಿಮ್ಮಲ್ಲಿ ದುಡಿಯುವವರನ್ನು ಕೂರಿಸಿಕೊಂಡು ಎಷ್ಟರವರೆಗೆ ಓದಿದ್ದೀರಿ ಎಂದು ಕೇಳಿ. ಹತ್ತನೆಯದು, ಹನ್ನೆರಡನೆಯದು ಆಗದವರಿಗೆ 17 ನಂಬರ್ ಫಾರ್ಮ್ ಇದೆ. ರಾಷ್ಟ್ರೀಯ ಮುಕ್ತ ಶಾಲೆ ಇದೆ, ಅಲ್ಲಿ ಹಿಂದಿ, ಉರ್ದು, ಮರಾಠಿಯಲ್ಲೂ ಓದಬಹುದು. ಊರಿನ ಶಾಲೆಯಿಂದ ಟಿ.ಸಿ. ತರಿಸುವುದೇ ಅವರಿಗೆ ಬೆಟ್ಟದಂಥ ಕೆಲಸ. ಆ ಶಾಲೆಗೆ ನೀವು ಒಂದು ಫೋನು ಮಾಡಿ, ಒಂದು ಪತ್ರ ಬರೆಯಿರಿ. ತರಗತಿಯ ದಿನ ಪಾಳಿ ಬದಲಿಸಿ ಕೊಡಿ. ಪರೀಕ್ಷೆಯ ದಿನಗಳ ಸಂಬಳ ಹಿಡಿಯಬೇಡಿ. ಓದಿದರೆ ಕೆಲಸ ಬಿಟ್ಟು ಹೋಗುತ್ತಾರೆ ಎಂಬ ಭಯ ನಿಮಗಿರಬಹುದು. ಹೌದು, ಕೆಲವರು ಹೋಗುತ್ತಾರೆ. ನಾವೂ ಹೋದೆವು. ನಮ್ಮನ್ನು ಸಂಜೆ ಆರಕ್ಕೆ ಶಾಲೆಗೆ ಬಿಟ್ಟ ಧಣಿಗಳಿಗೆ ನಾವು ಮುಂದೆ ಹೋಗುತ್ತೇವೆಂದು ಗೊತ್ತಿತ್ತು, ಗೊತ್ತಿದ್ದೇ ಬಿಟ್ಟರು.

ಸಂಘ, ಟ್ರಸ್ಟುಗಳ ಹಿರಿಯರೇ, ಖಾಲಿಯಾದ ರಾತ್ರಿ ಶಾಲೆಯ ಒಂದು ಕೋಣೆಯನ್ನು ದುಡಿಯುವವರ ಓದುಕೋಣೆ ಮಾಡಿ. ರಾತ್ರಿ ಹತ್ತರವರೆಗೆ ದೀಪ, ಫ್ಯಾನು, ಕುಡಿಯುವ ನೀರು, ಫಾರ್ಮು ತುಂಬಿಕೊಡುವ ಒಬ್ಬರು ಇದ್ದರೆ ಸಾಕು. ಬರುವವನು ಯಾವ ಭಾಷೆಯವನು, ಯಾವ ಜಾತಿಯವನು ಎಂದು ಕೇಳಬೇಡಿ. ಕಲ್ಕತ್ತಾದವರು ತಮ್ಮ ರೂಪಾಯಿಗಳನ್ನು ಕರಗಿಸಿದ್ದು ಮುಖ ನೋಡದ ಆಟಗಾರರಿಗಾಗಿ.

ನಿವೃತ್ತರಾದ ಗೆಳೆಯರೇ, ನೀವು ಎರಡು ಕೆಲಸ ಮಾಡಬಹುದು. ವಾರಕ್ಕೊಂದು ಸಂಜೆ ಆ ಕೋಣೆಯಲ್ಲಿ ಕೂತು ಲೆಕ್ಕವನ್ನೋ ಇಂಗ್ಲಿಷನ್ನೋ ಹೇಳಿಕೊಡಿ. ಜೊತೆಗೆ, ನೀವೇ ಅರ್ಧಕ್ಕೆ ಬಿಟ್ಟ ಬಿ.ಎ., ಬಿ.ಕಾಂ. ಇದ್ದರೆ ಅದನ್ನು ಮುಗಿಸಿ. ನಿಮ್ಮ ಪಕ್ಕದಲ್ಲಿ ಕೂತು ಓದುವ ಇಪ್ಪತ್ತರ ಹುಡುಗನಿಗೆ ಅದಕ್ಕಿಂತ ದೊಡ್ಡ ಧೈರ್ಯ ಇನ್ನೊಂದಿಲ್ಲ. ಮೊಣಕಾಲು ಒಪ್ಪಿದರೆ ಒಂದು ಚೆಂಡು ಕೊಂಡು ಅವರನ್ನು ಮೈದಾನಕ್ಕೂ ಕರೆದೊಯ್ಯಿರಿ.

ಮಳೆಗಾಲ ಶುರುವಾಗುವ ಹೊತ್ತಿಗೆ ಪ್ರವೇಶದ ಓಡಾಟ ಶುರುವಾಗುತ್ತದೆ. ನನ್ನ ಹೋಟೆಲಿನ ಇಬ್ಬರು ಈ ಸಲ ಹತ್ತನೆಯದಕ್ಕೆ ಕೂರುತ್ತಾರೆ, ಅವರ ದಾಖಲೆಗಳು ತಯಾರಾಗುತ್ತಿವೆ. ನಿಮ್ಮ ಹೋಟೆಲಿನಿಂದ ಯಾರು ಕೂರುತ್ತಾರೆ? ಇವತ್ತು ರಾತ್ರಿ ಗಲ್ಲಾ ಮುಚ್ಚುವ ಮೊದಲು ಅವರಲ್ಲಿ ಒಬ್ಬರನ್ನು ಕರೆದು ಕೇಳಿ.

ನಿಮ್ಮವನೇ ಆದ,
ರಾತ್ರಿ ಶಾಲೆಯ ಒಬ್ಬ ಹಳೆಯ ವಿದ್ಯಾರ್ಥಿ, ಮುಕ್ತ ವಿದ್ಯಾಪೀಠದ ಇಂದಿನ ವಿದ್ಯಾರ್ಥಿ